ಮೀನುಮರಿಯ ಮೊದಲ ತುತ್ತು ನಮ್ಮ ಶಾಲೆಯಲ್ಲೇ ಹುಟ್ಟಲಿ



ಮನೆಯಲ್ಲಿ ಮೀನು ಸಾಕುವವರು ಯಾರೆಲ್ಲ ಅಂತ ತರಗತಿಯಲ್ಲಿ ಕೇಳಿದರೆ ಈಗ ತುಂಬ ಕೈಗಳು ಮೇಲೇಳುತ್ತವೆ. ಗಾಜಿನ ತೊಟ್ಟಿಯೇ ಬೇಕೆಂದಿಲ್ಲ. ಹಳೆಯ ಭರಣಿ, ಅಂಗಳದ ಸಿಮೆಂಟ್ ತೊಟ್ಟಿ, ಮೂಲೆಗೆ ಬಿದ್ದ ಪ್ಲಾಸ್ಟಿಕ್ ಟಬ್ಬು, ಎಲ್ಲದರಲ್ಲೂ ಗಪ್ಪಿ, ಮೋಲಿ, ಫೈಟರ್ ಓಡಾಡುತ್ತಿರುತ್ತವೆ. ಮರಿ ಹಾಕಿದ ದಿನ ಇಡೀ ಶಾಲೆಗೆ ಸುದ್ದಿ. "ಸರ್, ನಲ್ವತ್ತು ಮರಿ ಉಂಟು!" ಆದರೆ ಹದಿನೈದು ದಿನ ಬಿಟ್ಟು ಅದೇ ಹುಡುಗನ ಹತ್ತಿರ ಎಷ್ಟು ಉಳಿದವು ಅಂತ ಕೇಳಿದರೆ ಉತ್ತರ ಸಣ್ಣದಾಗುತ್ತದೆ. ನಾಲ್ಕು, ಐದು. ಕೆಲವೊಮ್ಮೆ ಒಂದೂ ಇಲ್ಲ.

ಸತ್ತ ಮರಿಗಳ ಬಗ್ಗೆ ನಾವು ಹೆಚ್ಚು ಯೋಚಿಸುವುದಿಲ್ಲ. "ಮೀನಲ್ವಾ, ಹಾಗೇ" ಅಂದುಬಿಡುತ್ತೇವೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹೊಳೆಯಲ್ಲಿ ಮರಿ ಸತ್ತರೆ ಅದು ಹೊಳೆಯ ಲೆಕ್ಕ. ನಾವೇ ಗಂಡು ಹೆಣ್ಣು ತಂದು, ನಾವೇ ತೊಟ್ಟಿಗೆ ಬಿಟ್ಟು, ನಾವೇ ಮರಿ ಹಾಕಿಸಿದ ಮೇಲೆ ಲೆಕ್ಕ ನಮ್ಮದು. ಮರಿ ಬೇಕು ಅಂದವರು ಮರಿಯ ಊಟಕ್ಕೂ ಜವಾಬ್ದಾರರು. ಇದು ನನ್ನ ಮೊದಲನೆಯ ಅಭಿಪ್ರಾಯ.

ಎರಡನೆಯದು ಇದು. ಆ ಊಟವನ್ನು ತಯಾರಿಸುವ ಒಂದು ಕೆಲಸ ಉಂಟು, ಅದಕ್ಕೆ ಬೇಕಾದದ್ದು ಒಂದು ಬಾಟಲಿ, ಒಂದು ಹಿಡಿ ಉಪ್ಪು ಮತ್ತು ಒಂದು ದಿನದ ತಾಳ್ಮೆ. ಉಪ್ಪುನೀರಿನ ಸೀಗಡಿಯ ಮೊಟ್ಟೆ ಒಡೆಸುವುದು. ಗಡಿಯಾಚೆಯ ನಮ್ಮ ಪ್ರತಿಯೊಂದು ಕನ್ನಡ ಶಾಲೆಯಲ್ಲೂ ವರ್ಷಕ್ಕೊಮ್ಮೆಯಾದರೂ ಇದು ನಡೆಯಬೇಕು. ಪ್ರದರ್ಶನದ ದಿನ ಮೇಜಿನ ಮೇಲೆ ಇಡುವುದಕ್ಕಲ್ಲ, ಅಳೆದು, ಎಣಿಸಿ, ಬರೆದಿಡುವುದಕ್ಕೆ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ. ಒಪ್ಪಿಗೆ ಇಲ್ಲದಿದ್ದರೆ ವಾದ ಮಾಡಿ, ಸಂತೋಷ.

ಇದು ಸೀಗಡಿಯೂ ಅಲ್ಲ, ಮೊಟ್ಟೆಯೂ ಅಲ್ಲ

ಮೊದಲು ಪ್ರಾಣಿಯ ಪರಿಚಯ. ಅಂಗಡಿಯಲ್ಲಿ ಇದಕ್ಕೆ ಆರ್ಟೀಮಿಯಾ ಅನ್ನುತ್ತಾರೆ. ಹೆಸರಿನಲ್ಲಿ ಸೀಗಡಿ ಇದ್ದರೂ ನಮ್ಮ ಕಡಲ ಕರೆಯಲ್ಲಿ ಬುಟ್ಟಿಯಲ್ಲಿ ಮಾರುವ ಸೀಗಡಿಗೂ ಇದಕ್ಕೂ ಹತ್ತಿರದ ಸಂಬಂಧ ಇಲ್ಲ. ಕೆರೆಯಲ್ಲಿ ಕುಪ್ಪಳಿಸುವ ನೀರುಚಿಗಟ ಇದರ ಹತ್ತಿರದ ನೆಂಟ. ಬೆಳೆದು ನಿಂತರೂ ಉದ್ದ ಒಂದು ಸೆಂಟಿಮೀಟರ್ ಆಸುಪಾಸು. ಹನ್ನೊಂದು ಜೊತೆ ಕಾಲು. ಹೊಟ್ಟೆ ಮೇಲೆ ಮಾಡಿ ಅಂಗಾತ ಈಜುತ್ತದೆ. ಕಾಲೇ ಇದಕ್ಕೆ ಹುಟ್ಟು, ಕಾಲೇ ಜರಡಿ, ಕಾಲೇ ಕಿವಿರು. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ.

ಇದರ ಮನೆ ಸಮುದ್ರವಲ್ಲ, ಸಮುದ್ರಕ್ಕಿಂತ ಉಪ್ಪಾದ ನೀರು. ಉಪ್ಪಿನ ಆಗರ, ಉಪ್ಪಿನ ಸರೋವರ. ಅಲ್ಲಿ ಮೀನು ಬದುಕಲಾರದು, ಹಾಗಾಗಿ ಇದಕ್ಕೆ ಶತ್ರು ಕಡಿಮೆ. ಶತ್ರುವಿನಿಂದ ತಪ್ಪಿಸಿಕೊಳ್ಳುವ ಬದಲು ಶತ್ರು ಬಾರದ ಜಾಗವನ್ನೇ ಹಿಡಿದುಕೊಂಡಿರುವ ಪ್ರಾಣಿ ಇದು. 1755ರಲ್ಲಿ ಷ್ಲಾಸರ್ ಎಂಬವರು ಇಂಗ್ಲೆಂಡಿನ ಲಿಮಿಂಗ್ಟನ್ ಊರಿನ ಉಪ್ಪಿನ ಆಗರದಲ್ಲಿ ಇದನ್ನು ನೋಡಿ ಚಿತ್ರ ಬರೆದರು. ಭಾರತದಲ್ಲಿ ತಮಿಳುನಾಡಿನ ತೂತ್ತುಕುಡಿಯ ಉಪ್ಪಿನ ಆಗರಗಳಲ್ಲೂ ಇದು ಉಂಟು. ಆದರೆ ನಾವು ಪೊಟ್ಟಣದಲ್ಲಿ ಕೊಳ್ಳುವುದರಲ್ಲಿ ಬಹುಪಾಲು ದೂರದಿಂದ ಬರುತ್ತದೆ. ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಅದರ ದೊಡ್ಡ ಮೂಲಗಳಲ್ಲಿ ಒಂದು.

ಪೊಟ್ಟಣದೊಳಗೆ ಇರುವುದು ಕಂದು ಬಣ್ಣದ ಪುಡಿ, ನೋಡಲು ನಶ್ಯದ ಹಾಗೆ. ಒಂದೊಂದು ಕಾಳು ಒಂದು ಮಿಲಿಮೀಟರಿನ ನಾಲ್ಕನೇ ಒಂದು ಪಾಲಿನಷ್ಟು. ಒಂದು ಗ್ರಾಂ ಪುಡಿಯಲ್ಲಿ ಎರಡರಿಂದ ಮೂರು ಲಕ್ಷ ಕಾಳು. ಇದನ್ನು ಎಲ್ಲರೂ ಮೊಟ್ಟೆ ಅನ್ನುತ್ತೇವೆ, ಅನ್ನೋಣ. ಸರಿಯಾಗಿ ಹೇಳುವುದಾದರೆ ಅದು ಮೊಟ್ಟೆಯಲ್ಲ, ಸಿಸ್ಟ್. ಒಳಗೆ ಭ್ರೂಣ ಆಗಲೇ ಬೆಳೆಯತೊಡಗಿ, ಸುಮಾರು ನಾಲ್ಕು ಸಾವಿರ ಜೀವಕೋಶಗಳಾದಲ್ಲಿಗೆ ನಿಂತಿದೆ. ತಾಯಿಗೆ ನೀರು, ಆಹಾರ, ಆಮ್ಲಜನಕ ಸರಿಯಾಗಿ ಸಿಕ್ಕರೆ ಅದು ನೇರವಾಗಿ ಈಜುವ ಮರಿಗಳನ್ನೇ ಬಿಡುತ್ತದೆ. ಉಪ್ಪು ವಿಪರೀತವಾಯಿತು, ಆಮ್ಲಜನಕ ಕಡಿಮೆಯಾಯಿತು ಅಂತಾದರೆ ಗಟ್ಟಿ ಚಿಪ್ಪಿನ ಸಿಸ್ಟ್‌ಗಳನ್ನು ಬಿಡುತ್ತದೆ. ಅವು ತೇಲಿ ದಡ ಸೇರಿ ಒಣಗಿ, ವರ್ಷಗಟ್ಟಲೆ ಹಾಗೇ ಬಿದ್ದಿರುತ್ತವೆ. ಟ್ರೆಹಲೋಸ್ ಎಂಬ ಸಕ್ಕರೆ ಒಣಗಿದ ಜೀವಕೋಶಗಳು ಕುಸಿಯದಂತೆ ಕಾಪಾಡುತ್ತದೆ. 1972ರ ಅಪೊಲೊ 16 ಮತ್ತು ಅಪೊಲೊ 17 ನೌಕೆಗಳಲ್ಲಿ ಈ ಸಿಸ್ಟ್‌ಗಳನ್ನು ಚಂದ್ರನವರೆಗೂ ಕೊಂಡುಹೋಗಿ ತಂದಿದ್ದರು, ಅಂತರಿಕ್ಷದ ವಿಕಿರಣ ಜೀವಿಗಳಿಗೆ ಏನು ಮಾಡುತ್ತದೆ ಎಂದು ತಿಳಿಯುವುದಕ್ಕೆ.

ಸಾವಲ್ಲ, ಬದುಕಿನ ಓಡಾಟವೂ ಅಲ್ಲ, ನಡುವಿನ ಒಂದು ನಿದ್ದೆ. "ಜೀವ ಅಂದರೆ ಏನು?" ಅಂತ ಪಠ್ಯದಲ್ಲಿ ಲಕ್ಷಣಗಳ ಪಟ್ಟಿ ಬಾಯಿಪಾಠ ಮಾಡುತ್ತೀರಲ್ಲ, ಚಲನೆ, ಉಸಿರಾಟ, ಬೆಳವಣಿಗೆ? ಆ ಪಟ್ಟಿಯನ್ನು ಹಿಡಿದುಕೊಂಡು ಈ ಕಂದು ಪುಡಿಯ ಮುಂದೆ ಕೂತುಕೊಳ್ಳಿ. ಯಾವ ಲಕ್ಷಣವೂ ಕಾಣುವುದಿಲ್ಲ. ಮರುದಿನ ಅದೇ ಪುಡಿ ಈಜುತ್ತದೆ. ಈ ಪ್ರಶ್ನೆ ನೂರು ಪುಟ ಓದಿದರೂ ಹುಟ್ಟದು.

ಬಾಯಿಗೆ ತಕ್ಕ ತುತ್ತು

ಈಗ ಮರಿಮೀನಿನ ಕಡೆಗೆ ಬರೋಣ. ಫೈಟರ್, ಏಂಜಲ್‌ನಂಥ ಮೊಟ್ಟೆ ಇಡುವ ಮೀನಿನ ಮರಿಗಳು ಮೊದಲ ಕೆಲವು ದಿನ ಹೊಟ್ಟೆಗೆ ಅಂಟಿದ ಭಂಡಾರದಲ್ಲೇ ಬದುಕುತ್ತವೆ. ಅದು ಮುಗಿದ ಗಳಿಗೆಯಿಂದ ಬಾಯಿಗೆ ಹೊಂದುವ ಆಹಾರ ಎದುರಿಗೆ ಇರಬೇಕು. ಮೀನುಮರಿ ಕಣ್ಣಿನಿಂದ ಬೇಟೆಯಾಡುತ್ತದೆ. ಅಲುಗಾಡಿದ್ದನ್ನು ಹಿಡಿಯುತ್ತದೆ, ಅಲುಗಾಡದ್ದನ್ನು ಬಿಡುತ್ತದೆ. ನಾವು ಉದುರಿಸುವ ಪುಡಿ ಆಹಾರ ತಳಕ್ಕೆ ಹೋಗಿ ಕೊಳೆಯುತ್ತದೆ, ನೀರು ಕೆಡುತ್ತದೆ, ಮರಿ ಹಸಿವಿನಿಂದ ಒಂದು ಪಾಲು, ಕೆಟ್ಟ ನೀರಿನಿಂದ ಇನ್ನೊಂದು ಪಾಲು ಸಾಯುತ್ತದೆ. ನಾವು "ಊಟ ಹಾಕಿದ್ದೆವಲ್ಲ" ಅನ್ನುತ್ತೇವೆ.

ಆಗತಾನೇ ಒಡೆದ ಆರ್ಟೀಮಿಯಾ ಮರಿಗೆ ನಾಪ್ಲಿಯಸ್ ಎಂದು ಹೆಸರು. ಉದ್ದ ಅರ್ಧ ಮಿಲಿಮೀಟರಿಗೂ ಸ್ವಲ್ಪ ಕಡಿಮೆ, ಬಣ್ಣ ಕಿತ್ತಳೆ, ನಡುವೆ ಒಂದೇ ಕಣ್ಣು. ತಡೆದು ತಡೆದು ಈಜುತ್ತದೆ, ಮೀನುಮರಿಯ ಕಣ್ಣಿಗೆ ತಪ್ಪದೆ ಬೀಳುತ್ತದೆ. ಹೊಟ್ಟೆಯಲ್ಲಿ ಇನ್ನೂ ಖರ್ಚಾಗದ ಭಂಡಾರ ಇರುವುದರಿಂದ ಮರಿಗೆ ಅದು ಕೊಬ್ಬು, ಪ್ರೋಟೀನು ಎರಡೂ ಕೂಡಿದ ತುತ್ತು. 1933ರಲ್ಲಿ ಅಮೆರಿಕದ ಸೀಲ್, 1939ರಲ್ಲಿ ನಾರ್ವೆಯ ರೋಲೆಫ್ಸೆನ್ ಇದು ಮೀನುಮರಿಗಳಿಗೆ ಒಳ್ಳೆಯ ಆಹಾರ ಎಂದು ತೋರಿಸಿದ ಮೇಲೆ ಜಗತ್ತಿನ ಮೀನುಮರಿ ಸಾಕಣೆಯೇ ಬದಲಾಯಿತು. ಇವತ್ತು ಸಾಕಣೆ ಕೇಂದ್ರಗಳಲ್ಲಿ ಬೆಳೆಯುವ ಎಷ್ಟೋ ಮೀನು, ಸೀಗಡಿಗಳ ಬಾಲ್ಯ ಈ ಕಂದು ಪುಡಿಯ ಮೇಲೆ ನಿಂತಿದೆ.

ಇಲ್ಲಿ ಒಂದು ನ್ಯಾಯದ ಮಾತು. ಎಲ್ಲ ಮರಿಗೂ ಇದು ಬೇಕೇ ಬೇಕು ಅಂತಲ್ಲ. ಗಪ್ಪಿಯ ಮರಿ ಹುಟ್ಟುವಾಗಲೇ ದೊಡ್ಡದು. ನುಣ್ಣಗೆ ಅರೆದ ಪುಡಿ, ಬೇಯಿಸಿದ ಕೋಳಿಮೊಟ್ಟೆಯ ಹಳದಿಯ ಒಂದು ಚಿಟಿಕೆ ಕೊಟ್ಟರೂ ಬದುಕುತ್ತದೆ, ನೀರು ಶುಚಿಯಾಗಿಟ್ಟರೆ. ಇನ್ನೊಂದು ಕಡೆ, ಗೌರಾಮಿಯ ಮರಿಯ ಬಾಯಿ ತೀರಾ ಸಣ್ಣದು, ಅದಕ್ಕೆ ಮೊದಲ ದಿನಗಳಲ್ಲಿ ನಾಪ್ಲಿಯಸ್ ಕೂಡ ದೊಡ್ಡ ತುತ್ತೇ. ಹಾಗಾಗಿ "ಆರ್ಟೀಮಿಯಾ ಹಾಕಿದ್ರೆ ಎಲ್ಲಾ ಸರಿಯಾಗ್ತದೆ" ಎಂದು ಹೇಳುವವರನ್ನೂ ನಂಬಬೇಡಿ. ಯಾವ ಮರಿಗೆ ಎಷ್ಟು ದೊಡ್ಡ ಬಾಯಿ ಅಂತ ನೋಡಿ ಊಟ ಆರಿಸುವುದೇ ವಿಜ್ಞಾನ.

ಮಾಡುವ ಕ್ರಮ

ಒಂದು ಲೀಟರಿನ ಖಾಲಿ ಬಾಟಲಿ ತಗೊಳ್ಳಿ. ತಳ ಕತ್ತರಿಸಿ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಮುಚ್ಚಳ ಬಿಗಿಯಾಗಿರಲಿ. ಕತ್ತರಿಸುವ ಕೆಲಸ ದೊಡ್ಡವರ ಕೈಯಲ್ಲಿ ಆಗಲಿ. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು. ಅಂಗಡಿಯಲ್ಲಿ 100 ಗ್ರಾಂ ತೂಗಿಸಿ ತಂದು ನಾಲ್ಕು ಸಮಪಾಲು ಮಾಡಿದರೆ ಒಂದು ಪಾಲು 25 ಗ್ರಾಂ ಆಯ್ತು. ಒಂದು ಕಿಲೊ ಉಪ್ಪಿನಲ್ಲಿ ನಲ್ವತ್ತು ಸಲ ಮಾಡಬಹುದು. ಕಲ್ಲುಪ್ಪಾದರೆ ಕರಗಿಸಿ ಬಟ್ಟೆಯಲ್ಲಿ ಸೋಸಿ. ಒಂದು ಚಿಟಿಕೆ ಅಡಿಗೆ ಸೋಡ ಹಾಕಿದರೆ ನೀರು ಸ್ವಲ್ಪ ಕ್ಷಾರೀಯವಾಗಿ ಇರುತ್ತದೆ, ಸಿಸ್ಟ್ ಒಡೆಯುವುದಕ್ಕೆ ಅದು ಅನುಕೂಲ. ನಲ್ಲಿಯ ಕ್ಲೋರಿನ್ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿ.

ಅದಕ್ಕೆ ಕಾಲು ಗ್ರಾಂ ಪುಡಿ. ಅಷ್ಟು ಸಣ್ಣ ತೂಕ ಅಳೆಯುವ ತಕ್ಕಡಿ ಇಲ್ಲದಿದ್ದರೆ, ಪೊಟ್ಟಣದ ತೂಕವನ್ನು ನೋಡಿಕೊಂಡು ಪುಡಿಯನ್ನು ಕಾಗದದ ಮೇಲೆ ಹರಡಿ ಅರ್ಧ ಮಾಡಿ, ಅರ್ಧದ ಅರ್ಧ ಮಾಡಿ, ಹೀಗೆ ಇಳಿಸುತ್ತಾ ಹೋಗಿ. ಏರ್ ಪಂಪಿನ ಸಪೂರ ಕೊಳವೆಯನ್ನು ತಳದವರೆಗೂ ಇಳಿಸಿ ಗುಳ್ಳೆ ಬಿಡಿ. ಪುಡಿ ತಳದಲ್ಲಿ ಕೂರದೆ ಸುತ್ತುತ್ತಾ ಇರಬೇಕು. ಬೆಳಕು ಬೀಳಲಿ, ಅದರಲ್ಲೂ ನೆನೆದ ಮೊದಲ ಕೆಲವು ಗಂಟೆಗಳಲ್ಲಿ ಬೆಳಕು ಮುಖ್ಯ. ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 24 ಗಂಟೆಯಲ್ಲಿ ಕಿತ್ತಳೆ ಬಣ್ಣದ ಮೋಡ ಕಾಣುತ್ತದೆ. ತಂಪಿದ್ದರೆ 36 ಗಂಟೆ, ಇನ್ನೂ ಹೆಚ್ಚೂ ಬೇಕಾದೀತು.

ಪಂಪು ಇಲ್ಲ, ಕರೆಂಟು ಇಲ್ಲ ಅಂದರೆ? ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ಅಗಲದಷ್ಟು ಎತ್ತರಕ್ಕೆ ಅದೇ ಉಪ್ಪುನೀರು ಹಾಕಿ, ಪುಡಿಯನ್ನು ತೆಳ್ಳಗೆ ಉದುರಿಸಿ. ನೀರು ಆಳ ಇಲ್ಲದಾಗ ಮೇಲ್ಮೈ ದೊಡ್ಡದು, ಗಾಳಿಯ ಆಮ್ಲಜನಕ ತಾನಾಗಿ ಕರಗುತ್ತದೆ. ಗುಳ್ಳೆಯ ಕೆಲಸವನ್ನು ತಟ್ಟೆಯ ಅಗಲವೇ ಮಾಡುತ್ತದೆ. ಬಾಟಲಿಯಷ್ಟು ಮರಿ ಸಿಗದಿರಬಹುದು, ಆದರೆ ಸಿಗುತ್ತದೆ. ಸಲಕರಣೆ ಇಲ್ಲ ಅನ್ನುವ ನೆಪಕ್ಕೆ ಇಲ್ಲಿ ಜಾಗ ಇಲ್ಲ.

ಒಡೆದ ಮೇಲೆ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಖಾಲಿ ಚಿಪ್ಪು ಮೇಲೆ ತೇಲುತ್ತದೆ. ಒಡೆಯದ ಸಿಸ್ಟ್ ತಳ ಸೇರುತ್ತದೆ. ಮರಿಗಳು ಬೆಳಕಿನ ಕಡೆಗೆ ಓಡುತ್ತವೆ. ಬಾಟಲಿಯ ಮೇಲ್ಭಾಗಕ್ಕೆ ಕಪ್ಪು ಕಾಗದ ಸುತ್ತಿ, ಕೆಳಗೆ ಒಂದು ಬದಿಗೆ ಟಾರ್ಚು ಹಿಡಿದರೆ ಮರಿಗಳೆಲ್ಲ ಅಲ್ಲಿ ಗುಂಪಾಗುತ್ತವೆ. ಸಪೂರ ಕೊಳವೆಯಿಂದ ಅಷ್ಟನ್ನೇ ಎಳೆದು ಹಳೆಯ ಪಂಚೆಯ ನುಣುಪು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ಒಮ್ಮೆ ತೊಳೆದು ಮೀನುಮರಿಗೆ ಕೊಡಿ. ಚಿಪ್ಪು ಮರಿಮೀನಿಗೆ ಜೀರ್ಣವಾಗುವುದಿಲ್ಲ, ಆದಷ್ಟು ಬೇರೆ ಮಾಡಿ. ಬ್ಲೀಚಿಂಗ್ ದ್ರಾವಣದಲ್ಲಿ ಚಿಪ್ಪು ಕರಗಿಸುವ ವಿಧಾನ ಉಂಟು, ಅದು ಮಕ್ಕಳ ಕೆಲಸ ಅಲ್ಲ, ಮಾಡಬೇಡಿ.

ಒಡೆದ ಮೇಲೆ ಹೊತ್ತು ಕಳೆಯಬೇಡಿ. ಆರೆಂಟು ಗಂಟೆಯಲ್ಲಿ ಮರಿ ಪೊರೆ ಕಳಚುತ್ತದೆ, ಅಷ್ಟರಲ್ಲಿ ಹೊಟ್ಟೆಯ ಭಂಡಾರ ಕರಗುತ್ತಾ ಬಂದಿರುತ್ತದೆ. ನಾಳೆಗೆ ಇಟ್ಟ ನಾಪ್ಲಿಯಸ್ ಅಂದರೆ ಬುತ್ತಿ ಖಾಲಿಯಾದ ಡಬ್ಬ. ಸಿಹಿನೀರಿನಲ್ಲಿ ಅದು ಕೆಲವು ಗಂಟೆ ಮಾತ್ರ ಬದುಕುತ್ತದೆ, ಹಾಗಾಗಿ ಮರಿಮೀನು ಕೂಡಲೇ ತಿಂದು ಮುಗಿಸುವಷ್ಟೇ ಹಾಕಿ. ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಉಬ್ಬಿದ್ದು ಕಂಡರೆ ಸಾಕು, ಊಟ ಆಯ್ತು ಅಂತ ಅರ್ಥ.

ಒಂದು ಎಚ್ಚರಿಕೆ. ಪಂಪನ್ನು ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕರೆಂಟು ಹೋದಾಗ ಕೊಳವೆಯಲ್ಲಿ ನೀರು ಹಿಂದಕ್ಕೆ ಹರಿದು ಪಂಪಿಗೆ ಬರಬಹುದು. ಉಪ್ಪುನೀರಿನ ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬಾರದು, ಇದನ್ನು ಎರಡನೇ ಸಲ ಹೇಳಿಸಿಕೊಳ್ಳಬೇಡಿ.

ಕೇಳಿಬರುವ ಆಕ್ಷೇಪಗಳು

"ದುಡ್ಡು ಕೊಟ್ಟು ವಿದೇಶದ ಮೊಟ್ಟೆ ಯಾಕೆ? ಚರಂಡಿಯಲ್ಲಿ ಸೊಳ್ಳೆಮರಿ ಉಂಟು, ಕೆರೆಯಲ್ಲಿ ನೀರುಚಿಗಟ ಉಂಟು." ಹಿರಿಯರು ಹೀಗೆ ಹೇಳುವುದರಲ್ಲಿ ಅರ್ಥ ಇದೆ. ದೊಡ್ಡ ಮೀನಿಗೆ ಸೊಳ್ಳೆಮರಿ ಒಳ್ಳೆಯ ಆಹಾರವೇ. ಆದರೆ ಮೂರು ದಿನದ ಮೀನುಮರಿಗೆ ಅದು ಬಾಯಿಗಿಂತ ದೊಡ್ಡದು. ತಿಂದು ಉಳಿದದ್ದು ರೆಕ್ಕೆ ಬಂದು ಹಾರಿ ಮನೆಯವರನ್ನು ಕಚ್ಚುತ್ತದೆ, ಡೆಂಗ್ಯೂ ಕಾಲದಲ್ಲಿ ಆಟವಲ್ಲ. ಕೆರೆಯ ನೀರನ್ನು ಹಾಗೇ ಸುರಿದರೆ ಅದರ ಜೊತೆ ಕೊಡತಿಹುಳುವಿನ ಮರಿ ಬರಬಹುದು, ಅದು ಮೀನುಮರಿಯನ್ನೇ ಹಿಡಿದು ತಿನ್ನುತ್ತದೆ. ನೀರುಚಿಗಟವನ್ನು ಬೇರೆ ತೊಟ್ಟಿಯಲ್ಲಿ ಬೆಳೆಸಿದರೆ ಮರಿ ಸ್ವಲ್ಪ ದೊಡ್ಡದಾದ ಮೇಲೆ ಬಹಳ ಒಳ್ಳೆಯದು. ಎರಡೂ ಇರಲಿ, ಒಂದು ಇನ್ನೊಂದರ ಶತ್ರುವಲ್ಲ.

"ಡಬ್ಬಿ ದುಬಾರಿ." ದೊಡ್ಡ ಡಬ್ಬಿ ದುಬಾರಿ ಹೌದು. ಆದರೆ ಒಂದು ಶಾಲೆಗೆ ದೊಡ್ಡ ಡಬ್ಬಿ ಬೇಡ. ನಾಲ್ಕು ಶಾಲೆ ಕೂಡಿ ಒಂದು ಸಣ್ಣ ಡಬ್ಬಿ ತಂದು ಹಂಚಿಕೊಳ್ಳಲಿ. ಕಾಲು ಗ್ರಾಮಿಗೆ ಒಂದು ಪ್ರಯೋಗವಾದರೆ ಹತ್ತು ಗ್ರಾಮಿಗೆ ನಲ್ವತ್ತು ಪ್ರಯೋಗ. ತೇವ ತಾಗದ ಹಾಗೆ ಬಿಗಿ ಮುಚ್ಚಳದ ಸಣ್ಣ ಬಾಟಲಿಯಲ್ಲಿ ತಂಪಾದ ಕಡೆ ಇಟ್ಟರೆ ಬಹುಕಾಲ ಉಳಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಡಬ್ಬಿಯನ್ನು ತೆರೆದಿಟ್ಟರೆ ಮಾತ್ರ ಕೆಟ್ಟಿತು ಅಂತಲೇ ಲೆಕ್ಕ.

"ಒಂದು ಜೀವವನ್ನು ಹುಟ್ಟಿಸಿ ಇನ್ನೊಂದಕ್ಕೆ ತಿನ್ನಿಸುವುದು ಪಾಪ ಅಲ್ವಾ?" ಈ ಪ್ರಶ್ನೆ ಕೇಳುವ ಮಗುವನ್ನು ಗದರಿಸಬೇಡಿ, ಅದು ತರಗತಿಯ ಅತ್ಯುತ್ತಮ ಪ್ರಶ್ನೆ. ಗ್ರೇಟ್ ಸಾಲ್ಟ್ ಲೇಕಿನಲ್ಲಿ ಲಕ್ಷಾಂತರ ವಲಸೆ ಹಕ್ಕಿಗಳು ಆರ್ಟೀಮಿಯಾ ತಿಂದೇ ಮುಂದಿನ ಪ್ರಯಾಣಕ್ಕೆ ಕೊಬ್ಬು ಕೂಡಿಸಿಕೊಳ್ಳುತ್ತವೆ. ರಾಜಹಂಸದ ಗುಲಾಬಿ ಬಣ್ಣವೂ ಪಾಚಿ ಮತ್ತು ಇಂಥ ಜೀವಿಗಳಿಂದ ಬಂದದ್ದು. ತಿನ್ನುವುದು, ತಿನ್ನಿಸಿಕೊಳ್ಳುವುದು ನಿಸರ್ಗದ ಲೆಕ್ಕಾಚಾರ. ಆದರೆ ನಾವು ಮಾಡಬಾರದ್ದು ಒಂದುಂಟು: ಬೇಕಾದ್ದಕ್ಕಿಂತ ಹತ್ತು ಪಟ್ಟು ಒಡೆಸಿ ಉಳಿದದ್ದನ್ನು ಚೆಲ್ಲುವುದು. ಅನ್ನ ಚೆಲ್ಲಬಾರದು ಎಂದು ಮನೆಯಲ್ಲಿ ಹೇಳುತ್ತಾರಲ್ಲ, ಇದೂ ಹಾಗೆಯೇ. ಆ ದೂರದ ಸರೋವರದ ನೀರು 2022ರಲ್ಲಿ ದಾಖಲೆಯ ಕನಿಷ್ಠ ಮಟ್ಟಕ್ಕೆ ಇಳಿದಿತ್ತು. ನಮ್ಮ ಬಾಟಲಿಯ ಕಾಲು ಗ್ರಾಂ ಪುಡಿ ಒಂದು ಜೀವಂತ ಜಾಗದಿಂದ ಬಂದದ್ದು, ಕಾರ್ಖಾನೆಯಿಂದ ಅಲ್ಲ.

ನಾವು ಯಾಕೆ, ಕನ್ನಡ ಶಾಲೆಗಳೇ ಯಾಕೆ?

ಈ ಲೇಖನದ ಮುಖ್ಯ ಮಾತು ಇನ್ನು ಬರುತ್ತದೆ.

ನಮ್ಮ ಶಾಲೆಗಳು ಒಂದೇ ನುಡಿಯಲ್ಲಿ ಕಲಿಸಿದರೂ ಒಂದೇ ಪುಸ್ತಕ ಓದುವುದಿಲ್ಲ. ಕಾಸರಗೋಡಿನ ಮಗುವಿಗೆ ಕೇರಳದ ಪಠ್ಯ, ಜತ್ತ ಮತ್ತು ಅಕ್ಕಲಕೋಟೆಯ ಮಗುವಿಗೆ ಬಾಲಭಾರತಿಯ ಪಠ್ಯ, ತಾಳವಾಡಿಗೆ ತಮಿಳುನಾಡಿನದು, ಆದೋನಿಗೆ ಆಂಧ್ರದ್ದು. ಪರೀಕ್ಷೆ ಬೇರೆ, ಪಾಠದ ಕ್ರಮ ಬೇರೆ. ಹಾಗಾಗಿ ಒಬ್ಬರ ಪಾಠ ಇನ್ನೊಬ್ಬರಿಗೆ ಉಪಯೋಗವಿಲ್ಲ ಅಂತ ನಾವೇ ಅಂದುಕೊಂಡಿದ್ದೇವೆ. ಇದನ್ನು ಕೊರತೆ ಅಂತ ಎಷ್ಟು ದಿನ ಹೇಳುತ್ತಾ ಇರೋಣ? ವಿಜ್ಞಾನದ ಕಣ್ಣಿನಲ್ಲಿ ನೋಡಿದರೆ ಇದು ನಮ್ಮ ಆಸ್ತಿ. ಒಂದೇ ಕನ್ನಡದಲ್ಲಿ ಬರೆಯುವ, ಆದರೆ ಬೇರೆ ಬೇರೆ ಹವೆ, ಬೇರೆ ಬೇರೆ ನೀರು, ಬೇರೆ ಬೇರೆ ಎತ್ತರದಲ್ಲಿ ಇರುವ ಇಷ್ಟು ಶಾಲೆಗಳು ಬೇರೆ ಯಾರಿಗೆ ಸಿಕ್ಕಾವು?

ನನ್ನ ಸಲಹೆ ಹೀಗಿದೆ. ಒಂದೇ ಡಬ್ಬಿಯ ಪುಡಿಯನ್ನು ಪೊಟ್ಟಣ ಕಟ್ಟಿ ಕಾಸರಗೋಡು, ವಯನಾಡು, ನೀಲಗಿರಿ, ತಾಳವಾಡಿ, ಹೊಸೂರು, ಸೊಲ್ಲಾಪುರ, ರಾಯದುರ್ಗದ ಶಾಲೆಗಳಿಗೆ ಕಳಿಸೋಣ. ಎಲ್ಲರೂ ಒಂದೇ ದಿನ, ಒಂದೇ ಗಂಟೆಗೆ, ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಕಾಲು ಗ್ರಾಂ ಪುಡಿ ಹಾಕಲಿ. ಬಿಸಿ ಮಾಡುವುದು ಬೇಡ, ತಂಪು ಮಾಡುವುದು ಬೇಡ, ಊರಿನ ಹವೆ ಹೇಗಿದೆಯೋ ಹಾಗೆ. ಡಿಸೆಂಬರಿನಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ. ಆರು ಗಂಟೆಗೊಮ್ಮೆ ನೀರಿನ ಉಷ್ಣತೆ ಬರೆಯಿರಿ. 24 ಗಂಟೆಗೆ ಮತ್ತು 36 ಗಂಟೆಗೆ ಎಣಿಸಿ.

ಎಣಿಸುವುದು ಕಷ್ಟವಲ್ಲ. ಗುಳ್ಳೆ ಬರುತ್ತಿರುವಾಗಲೇ, ಅಂದರೆ ಎಲ್ಲವೂ ಬೆರೆತಿರುವಾಗಲೇ, ಸೂಜಿ ಇಲ್ಲದ ಸಿರಿಂಜಿನಿಂದ 1 ಮಿಲಿಲೀಟರ್ ನೀರು ತೆಗೆಯಿರಿ. ಬಿಳಿ ತಟ್ಟೆಯ ಮೇಲೆ ಹನಿ ಹನಿಯಾಗಿ ಸಾಲಿಡಿ. ಭೂತಕನ್ನಡಿ ಹಿಡಿದು ಈಜುವ ಮರಿ ಎಷ್ಟು, ಒಡೆಯದ ಇಡೀ ಕಾಳು ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ಖಾಲಿ ಚಿಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರು ಸಲ ತೆಗೆದು ಸರಾಸರಿ ಮಾಡಿ. ಮರಿ 36, ಒಡೆಯದ ಕಾಳು 14 ಬಂತು ಅಂತಿಟ್ಟುಕೊಳ್ಳಿ. ಒಟ್ಟು 50ರಲ್ಲಿ 36, ಅಂದರೆ ನೂರಕ್ಕೆ 72 ಒಡೆದಿದೆ. ಒಂದು ಲೀಟರಿನಲ್ಲಿ 36,000 ಮರಿ. ಗಣಿತದ ಪುಸ್ತಕದ ಶೇಕಡಾ, ಸರಾಸರಿ, ಅನುಪಾತ ಮೂರೂ ಒಂದೇ ತಟ್ಟೆಯಲ್ಲಿ ಬಂತಲ್ಲ?

ಈಗ ಊಹೆ ಮಾಡಿ. ಊಟಿಯ ಡಿಸೆಂಬರಿನ ಚಳಿಯಲ್ಲಿ 24 ಗಂಟೆಗೆ ಎಷ್ಟು ಒಡೆದೀತು? ಸೊಲ್ಲಾಪುರದ ಮೇ ತಿಂಗಳ ಬಿಸಿಯಲ್ಲಿ? ಬಿಸಿ ಹೆಚ್ಚಾದಷ್ಟೂ ಬೇಗ ಎಂದು ಬರೆಯುವ ಮೊದಲು ನಿಲ್ಲಿ. ಸುಮಾರು 33 ಡಿಗ್ರಿ ದಾಟಿ ಬಹಳ ಹೊತ್ತು ಇದ್ದರೆ ಸಿಸ್ಟ್‌ನ ಒಳಗಿನ ಚಟುವಟಿಕೆಯೇ ನಿಲ್ಲುತ್ತದೆ. ಹಾಗಾದರೆ ಸೊಲ್ಲಾಪುರದ ಗೆಳೆಯರು ಮಡಕೆಯ ಪಕ್ಕ ಇಟ್ಟರೆ? ಒದ್ದೆ ಗೋಣಿ ಸುತ್ತಿದರೆ? ಕಾಸರಗೋಡಿನವರು ಉಪ್ಪು ಕರಗಿಸುವ ಬದಲು ಸಮುದ್ರದ ನೀರನ್ನೇ ತಂದರೆ? ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಮಳೆಗಾಲದಲ್ಲಿ ಅಳಿವೆಯ ಹತ್ತಿರ ಎಷ್ಟು? ಆದೋನಿಯ ಗಡಸು ಕೊಳವೆಬಾವಿ ನೀರಿಗೂ ವಯನಾಡಿನ ಮೆದು ನೀರಿಗೂ ವ್ಯತ್ಯಾಸ ಬಂದೀತೇ? ಇವಕ್ಕೆ ಉತ್ತರ ಯಾವ ಗೈಡಿನಲ್ಲೂ ಇಲ್ಲ. ನಿಮ್ಮ ಕೋಷ್ಟಕದಲ್ಲಿ ಮಾತ್ರ ಇರುತ್ತದೆ. ಆ ಕೋಷ್ಟಕಗಳು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚಾಗಿ ಎಲ್ಲ ಶಾಲೆಗೂ ತಲುಪಲಿ.

ಕನ್ನಡದಲ್ಲಿ ಓದಿದರೆ ವಿಜ್ಞಾನಕ್ಕೆ ಮುಂದೆ ತೊಂದರೆ ಎಂದು ನಿಮಗೆ ಹೇಳುವವರು ಬಹಳ ಜನ ಸಿಗುತ್ತಾರೆ. ಅವರೊಡನೆ ಮಾತಿನ ಜಗಳ ಬೇಡ. ವಿಜ್ಞಾನ ಅಂದರೆ ಗಮನಿಸುವುದು, ಅಳೆಯುವುದು, ಹೋಲಿಸುವುದು, ಅನುಮಾನಿಸುವುದು. ಈ ನಾಲ್ಕನ್ನೂ ನೀವು ನಿಮ್ಮ ನುಡಿಯಲ್ಲಿ ಮಾಡಿ ತೋರಿಸಿದ ಒಂದು ಕೋಷ್ಟಕ ಅವರ ಮುಂದಿಡಿ. ನಾಪ್ಲಿಯಸ್ ಎಂಬ ಲ್ಯಾಟಿನ್ ಹೆಸರನ್ನು ಕಲಿಯಿರಿ, ಕನ್ನಡದಲ್ಲೇ ಬರೆಯಿರಿ, ಜೊತೆಗೆ ಅದು ಹೇಗೆ ತಡೆದು ತಡೆದು ಈಜುತ್ತದೆ ಅಂತ ನಿಮ್ಮ ಮನೆಯ ಮಾತಿನಲ್ಲಿ ವರ್ಣಿಸಿ. ಹೆಸರು ಗೊತ್ತಿದ್ದು ಪ್ರಾಣಿ ಗೊತ್ತಿಲ್ಲದವರಿಗಿಂತ ನೀವು ಮುಂದೆ.

ಹೊಳೆಗೆ ಸುರಿಯಬೇಡಿ

ಕೊನೆಯ ಮಾತು ಕಟ್ಟುನಿಟ್ಟಿನದು. ಪ್ರಯೋಗ ಮುಗಿದ ಮೇಲೆ ಉಳಿದ ನೀರನ್ನು ಹೊಳೆಗೆ, ಅಳಿವೆಗೆ, ಉಪ್ಪಿನ ಆಗರಕ್ಕೆ ಸುರಿಯಬಾರದು. ಸಿಹಿನೀರಿನಲ್ಲಿ ಆರ್ಟೀಮಿಯಾ ಬದುಕದು, ನಿಜ. ಆದರೆ ಉಪ್ಪಿನ ಆಗರ ಸೇರಿದರೆ ಬದುಕುತ್ತದೆ. ಅಮೆರಿಕ ಮೂಲದ ಜಾತಿ ಸ್ಪೇನ್, ಪೋರ್ಚುಗಲ್ ದೇಶಗಳ ಆಗರಗಳಲ್ಲಿ ಅಲ್ಲಿನ ಜಾತಿಗಳನ್ನು ಬದಿಗೊತ್ತಿ ನೆಲೆಯೂರಿದೆ. ಭಾರತದ ಆಗರಗಳಲ್ಲೂ ಅದು ಸಿಕ್ಕಿದೆ. ಉಳಿದ ನೀರನ್ನು ಒಮ್ಮೆ ಚೆನ್ನಾಗಿ ಕುದಿಸಿ, ಆರಿದ ಮೇಲೆ ಬಚ್ಚಲಿಗೆ ಬಿಡಿ. ಗಿಡದ ಬುಡಕ್ಕೆ ಹಾಕಬೇಡಿ, ಉಪ್ಪಿಗೆ ಗಿಡ ಬಾಡುತ್ತದೆ.

ಮೀನಿಗೂ ಇದೇ ಮಾತು. ಈಗ ಮರಿಗಳೆಲ್ಲ ಬದುಕಿ ತೊಟ್ಟಿ ತುಂಬಿತು ಅಂತ ಗಪ್ಪಿಯನ್ನು ತೋಡಿಗೆ ಬಿಡುವವರು ಇದ್ದಾರೆ. ಗಪ್ಪಿ ದಕ್ಷಿಣ ಅಮೆರಿಕದ ಮೀನು, ನಮ್ಮ ತೋಡಿನದಲ್ಲ. ನಮ್ಮ ಪಯಸ್ವಿನಿ, ಚಂದ್ರಗಿರಿ ಹೊಳೆಯಲ್ಲಿ ಮಿಸ್ ಕೇರಳ ಎಂದು ಕರೆಯುವ ಕೆಂಪು ಗೆರೆಯ ಸುಂದರ ಮೀನು ಉಂಟು. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ನೈಸರ್ಗಿಕವಾಗಿ ಇಲ್ಲ. ಗಾಜಿನ ತೊಟ್ಟಿಯ ಆಸೆಗಾಗಿ ಹೊಳೆಯಿಂದ ಹಿಡಿದು ಹಿಡಿದು ಮಾರಿದ್ದು ಅದು ಅಪಾಯದಂಚಿಗೆ ಬಂದಿರುವ ಕಾರಣಗಳಲ್ಲಿ ಒಂದು. ಸಾಕುವ ಮೀನಿನ ಮರಿಯನ್ನು ತೊಟ್ಟಿಯಲ್ಲೇ ಬದುಕಿಸುವ ವಿದ್ಯೆ ಎಷ್ಟು ಜನರಿಗೆ ಬಂದರೆ, ಹೊಳೆಯ ಮೀನಿಗೆ ಬಲೆ ಹಾಕುವ ಆಸೆ ಅಷ್ಟು ಕಡಿಮೆಯಾದೀತು ಎಂಬುದು ನನ್ನ ನಂಬಿಕೆ. ಸಾಕಲಾರದಷ್ಟು ಮರಿ ಆಗುತ್ತದೆ ಅಂದರೆ ಗಂಡು ಹೆಣ್ಣನ್ನು ಬೇರೆ ಬೇರೆ ತೊಟ್ಟಿಯಲ್ಲಿಡಿ. ಮರಿ ಮಾಡಿಸದಿರುವುದೂ ಒಂದು ಜವಾಬ್ದಾರಿಯೇ.

ಹಾಗಾದರೆ ವಿದ್ಯಾರ್ಥಿಗಳೇ, ಈ ತಿಂಗಳು ಮಾಡಬೇಕಾದ ಕೆಲಸ ಮೂರು. ನಿಮ್ಮ ವಿಜ್ಞಾನ ಅಧ್ಯಾಪಕರಿಗೆ ಈ ಪುಟ ತೋರಿಸಿ. ನಾಲ್ಕು ಜನರ ಗುಂಪು ಮಾಡಿ ಬಾಟಲಿ, ಉಪ್ಪು, ಥರ್ಮಾಮೀಟರ್ ಹೊಂದಿಸಿ. ಒಂದು ಹಳೆ ನೋಟುಪುಸ್ತಕದಲ್ಲಿ ಗೆರೆ ಎಳೆದು ಊರು, ದಿನಾಂಕ, ನೀರು ಎಲ್ಲಿಯದು, ಉಷ್ಣತೆ, ಒಡೆದದ್ದು, ಒಡೆಯದ್ದು ಎಂದು ಆರು ಕಾಲಮು ಮಾಡಿ. ಮೊದಲ ಸಲ ನೂರಕ್ಕೆ ಹತ್ತೇ ಒಡೆದರೂ ಹತ್ತು ಅಂತಲೇ ಬರೆಯಿರಿ, ಎಂಬತ್ತು ಅಂತ ಬರೆಯಬೇಡಿ. ಹತ್ತು ಯಾಕೆ ಬಂತು ಎಂದು ಹುಡುಕುವಾಗಲೇ ನಿಜವಾದ ಪಾಠ ಶುರುವಾಗುವುದು. ಪಕ್ಕದ ರಾಜ್ಯದ ಕನ್ನಡ ಶಾಲೆಯ ಒಬ್ಬ ಹುಡುಗಿ ನಿಮ್ಮ ಕೋಷ್ಟಕ ನೋಡಿ, ನಿಮ್ಮ ಊರಿನ ಅಂಕಿ ಯಾಕೆ ಹಾಗೆ ಅಂತ ಪತ್ರ ಬರೆದು ಕೇಳಿದರೆ ಉತ್ತರ ಕೊಡುವುದಕ್ಕೆ ತಯಾರಾಗಿರಿ.